ಚಿಕ್ಕಪ್ಪನ ಕೊನೆಯ ಖಾತೆ

ನಮ್ಮ ಚಿಕ್ಕಪ್ಪ ಹಳೆ ತರಗುಪೇಟೆಯ ಅಕ್ಕಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಲೇ ಮುದುಕರಾದವರು. ಸಗಟು ವ್ಯಾಪಾರದ ಬಹುಪಾಲು ಯಶವಂತಪುರದ ಯಾರ್ಡಿಗೆ ಹೋದಮೇಲೂ ಅವರ ಸಾಹುಕಾರರು ಪೇಟೆ ಬಿಡಲಿಲ್ಲ, ಇವರೂ ಬಿಡಲಿಲ್ಲ. ಸಂಜೆ ದಿನವಹಿ ಕಿರ್ದಿಗೂ ಖಾತೆಗೂ ನಾಲ್ಕಾಣೆ ತಾಳೆಯಾಗದಿದ್ದರೆ ಊಟಕ್ಕೆ ಮನೆಗೆ ಬರುತ್ತಿರಲಿಲ್ಲ.

ತೀರಿಕೊಂಡದ್ದು 2019ರ ಆಷಾಢದಲ್ಲಿ. ಉಸಿರು ಕಟ್ಟಿದ ಗಾಬರಿಯಲ್ಲಿ ಒಂದು ಖಾಸಗಿ ನರ್ಸಿಂಗ್ ಹೋಮಿಗೆ ಸೇರಿಸಿದ್ದೆವು, ಐಸಿಯುನಿಂದ ಆಚೆ ಬರಲೇ ಇಲ್ಲ. ಸರಿರಾತ್ರಿ ಕೌಂಟರಿನಲ್ಲಿದ್ದ ಹುಡುಗ ತಲೆ ಎತ್ತದೆ ಹೇಳಿದ: “ಬಾಕಿ ಕಟ್ಟಿಬಿಡಿ, ಆಮೇಲೆ ಕಳಿಸ್ತೀವಿ.” ಚಿಕ್ಕಮ್ಮ ಮಾತಾಡಲಿಲ್ಲ. ಕೈಯ ಚಿನ್ನದ ಬಳೆ ಬಿಚ್ಚತೊಡಗಿದರು.

ಅವರ ಕೈ ಹಿಡಿದು ನಿಲ್ಲಿಸಿದವಳು ನಮ್ಮ ಅತ್ತೆಯ ಮಗಳು, ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ದನಿ ಏರಿಸಲಿಲ್ಲ. “ದುಡ್ಡು ಕೊಡೋವರೆಗೂ ಕೊಡಲ್ಲ ಅಂತ ಬರೆದು, ಸೀಲು ಹಾಕಿ ಕೊಡಿ” ಎಂದಳು. ಅವಳ ಧೈರ್ಯದ ಹಿಂದೆ ಒಂದು ಕಾನೂನಿತ್ತು. 2017ರ ನವೆಂಬರ್ ನಿಮಗೆ ನೆನಪಿರಬಹುದು. ರಮೇಶ್ ಕುಮಾರ್ ಆರೋಗ್ಯ ಮಂತ್ರಿ, ಬೆಳಗಾವಿಯಲ್ಲಿ ಅಧಿವೇಶನ, ರಾಜ್ಯದ ಖಾಸಗಿ ವೈದ್ಯರ ಮುಷ್ಕರ. ಆ ಒತ್ತಡಕ್ಕೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ತಿದ್ದುಪಡಿ ಮಸೂದೆಯ ಮೊನಚು ಒಂದಷ್ಟು ಮೊಂಡಾಯಿತು. ಆದರೆ ಒಂದು ಮಾತು ಉಳಿದುಕೊಂಡಿತು: ರೋಗಿ ಸತ್ತರೆ ಬಾಕಿಗಾಗಿ ಶವ ಹಿಡಿದಿಟ್ಟುಕೊಳ್ಳುವಂತಿಲ್ಲ, ಹಣವನ್ನು ಆಮೇಲೆ ವಸೂಲು ಮಾಡಿಕೊಳ್ಳಬಹುದು. ಇಷ್ಟು ದೊಡ್ಡ ಮಾತನ್ನು ಪ್ರತಿ ಆಸ್ಪತ್ರೆಯ ಬಾಗಿಲಲ್ಲೂ ದಪ್ಪಕ್ಷರದಲ್ಲಿ ಬರೆಸಬೇಕು ಎಂದು ನನಗೆ ಇವತ್ತಿಗೂ ಅನಿಸುತ್ತದೆ.

ಯಾರೂ ಬರೆದು ಕೊಡಲಿಲ್ಲ. ಬೆಳಕು ಹರಿಯುವ ಮೊದಲೇ ಚಿಕ್ಕಪ್ಪನನ್ನು ಮನೆಗೆ ತಂದೆವು, ಮಧ್ಯಾಹ್ನ ಚಾಮರಾಜಪೇಟೆಯ ಟಿ.ಆರ್. ಮಿಲ್ ರುದ್ರಭೂಮಿಯಲ್ಲಿ ಸಂಸ್ಕಾರವಾಯಿತು.

ಬಿಲ್ಲಿನ ಮಾತು ಎತ್ತಿದ್ದು ವೈಕುಂಠ ಸಮಾರಾಧನೆ ಕಳೆದ ಮೇಲೆ. ಸಾಹುಕಾರರೇ ಕರೆಸಿದರು. ಅಕ್ಕಿ ಮೂಟೆಗಳ ನಡುವೆ ಗದ್ದಿಗೆಯ ಮೇಲೆ ಕೂತು, ಕನ್ನಡಕ ಏರಿಸಿ ಬಿಲ್ಲು ನೋಡಿದರು. “ಇದು ಖಾತೆ ಕಣಪ್ಪ. ಕಿರ್ದಿ ಎಲ್ಲಿ?” ಎಂದರು. ಕಿರ್ದಿ ಎಂದರೆ ಕೇಸ್ ಶೀಟು, ಯಾವ ಗಂಟೆಗೆ ಯಾವ ಔಷಧ ಎಂದು ನರ್ಸುಗಳು ಬರೆದಿಡುವುದು. ಕೇಳಿದ 72 ಗಂಟೆಯೊಳಗೆ ಅದರ ನಕಲು ಕೊಡಬೇಕೆಂಬುದು 2002ರ ವೈದ್ಯಕೀಯ ಮಂಡಳಿಯ ನಿಯಮ. ಬರವಣಿಗೆಯಲ್ಲಿ ಕೇಳಿದೆವು, ಕೊಟ್ಟರು.

ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಸಾಲುಸಾಲಾಗಿ ತಾಳೆ ನೋಡಿದೆವು. ಡಾಕ್ಟರು ಸಾವಿನ ವೇಳೆ ಬರೆದಿದ್ದರು. ಅದರ ನಂತರದ ದಿನಕ್ಕೂ ವೆಂಟಿಲೇಟರ್ ಬಾಡಿಗೆ ಹಾಕಿತ್ತು. ತೆರೆಯದೆ ವಾಪಸಾದ ಇಂಜೆಕ್ಷನ್ನುಗಳ ಜಮೆ ಬಿಟ್ಟುಹೋಗಿತ್ತು. ನ್ಯಾಯವಾದ ಖರ್ಚೂ ಅದರಲ್ಲಿತ್ತು, ಬೇಕಾದಷ್ಟಿತ್ತು. ಅದಕ್ಕೆಲ್ಲ ಸಾಹುಕಾರರು ಪೆನ್ಸಿಲಿನಲ್ಲಿ ಟಿಕ್ ಹಾಕುತ್ತಾ ಹೋದರು.

ಅಪ್ಪನ ಸಾಲವನ್ನು ಮಗ ತೀರಿಸಲೇಬೇಕೆಂಬ ಹಳೆಯ ಹಿಂದೂ ಕಾನೂನಿನ ಕಟ್ಟು 2005ರ ತಿದ್ದುಪಡಿಯಿಂದ ಸಡಿಲವಾಗಿದೆ, ಕೊಡದಿದ್ದರೇನು ಎಂದು ಯಾರೋ ನೆಂಟರು ಅಂದರು. ಚಿಕ್ಕಪ್ಪನ ಮಗ ಒಪ್ಪಲಿಲ್ಲ. ಸೇರಿಸುವಾಗ ಜವಾಬ್ದಾರಿ ಪತ್ರಕ್ಕೆ ರುಜು ಹಾಕಿದ್ದವನು ಅವನೇ. “ತಾಳೆಯಾದದ್ದನ್ನ ಕೊಡ್ತೀನಿ, ಆಗದ್ದನ್ನ ಕೊಡಲ್ಲ” ಎಂದ. ಜಿಲ್ಲಾಧಿಕಾರಿ ಮುಖ್ಯಸ್ಥರಾಗಿರುವ ಕುಂದುಕೊರತೆ ಪ್ರಾಧಿಕಾರಕ್ಕೆ ಅರ್ಜಿಯೂ ಸಿದ್ಧವಿತ್ತು, ಬೇಕಾಗಲಿಲ್ಲ. ಟಿಕ್ ಬೀಳದ ಸಾಲುಗಳನ್ನು ಆಸ್ಪತ್ರೆಯವರು ಕಳೆದರು. ಉಳಿದದ್ದಕ್ಕೆ ಚೆಕ್ ಕೊಟ್ಟು, ಬಾಕಿ ಇಲ್ಲವೆಂದು ಬರೆಸಿಕೊಂಡು ಬಂದೆವು.

ಆಮೇಲೆ ಪೇಟೆಯ ಹಮಾಲಿಯೊಬ್ಬರು ತಾಯಿಯನ್ನು ಕಳೆದುಕೊಂಡು ಮುಂಗಡ ಕೇಳಲು ಬಂದಾಗ ಸಾಹುಕಾರರು ದುಡ್ಡು ಕೊಟ್ಟರು, ಜೊತೆಗೆ ಚಿಕ್ಕಪ್ಪನ ಮಗನನ್ನೂ ಕಳಿಸಿದರು: “ಮೊದಲು ಕೇಸ್ ಶೀಟು ಇಸ್ಕೊಂಡು ಬಾ.”