ನಿಮಿಷಾಂಬೆಯ ದಾರಿಯಲ್ಲಿ ನನ್ನ ಸೈಕಲ್ಲು

"ಅತ್ತೇ, ಗಂಟೆಗೆ ನಾಲ್ಕೇ ಕಿಲೋಮೀಟರು! ನಡ್ಕೊಂಡು ಬಂದಿದ್ರೂ ಇಷ್ಟು ಹೊತ್ತಿಗೆ ಬರ್ತಿದ್ರಿ!"

ಬೆಂಗಳೂರಿನಿಂದ ಬಂದಿದ್ದ ನಾದಿನಿಯ ಮಗಳು ಮೊಬೈಲು ನೋಡಿ ನಕ್ಕಾಗ ನಾನೂ ನಕ್ಕೆ. ಒಳಗೆ ಮಾತ್ರ ಚುರುಕ್ಕೆಂದಿತು. ಹೈಸ್ಕೂಲಿನಲ್ಲಿ ಬಾಡಿಗೆ ಸೈಕಲ್ ತುಳಿದವಳು ನಾನು. ಮದುವೆಯಾದ ಮೇಲೆ ಇಪ್ಪತ್ತಾರು ವರ್ಷ ಅದನ್ನು ಮುಟ್ಟಿರಲಿಲ್ಲ. "ಮನೆಯೊಳಗೇ ಎಷ್ಟೂಂತ ಇರ್ತೀಯೆ?" ಎಂದು ನಮ್ಮವರೇ ತಂದುಕೊಟ್ಟಿದ್ದರು.

ನಮ್ಮದು ಶ್ರೀರಂಗಪಟ್ಟಣ. ಆ ದಿನ ದರಿಯಾ ದೌಲತ್, ಗುಂಬಜ್, ಸಂಗಮ, ನಿಮಿಷಾಂಬ ಸುತ್ತಿ ಸುಮಾರು ಹತ್ತು ಕಿಲೋಮೀಟರು. ಅವಳು ಗೇರಿನ ಸೈಕಲ್ಲಿನಲ್ಲಿ ಎಲ್ಲೂ ಇಳಿಯದೆ ನಲವತ್ತು ನಿಮಿಷಕ್ಕೆ ಮನೆಯಲ್ಲಿದ್ದಳು. ನನಗೆ ಹಿಡಿದದ್ದು ಎರಡೂವರೆ ಗಂಟೆ!

ಆಮೇಲೆ ಹದಿನೈದು ದಿನ ಸೈಕಲ್ಲು ಪಡಸಾಲೆಯ ಮೂಲೆ ಸೇರಿತು. ಯಾರಾದರೂ ಕೇಳಿದರೆ "ಮಂಡಿ ನೋವು" ಎಂದುಬಿಡುತ್ತಿದ್ದೆ. ನೋಯುತ್ತಿದ್ದದ್ದು ಮಂಡಿಯಲ್ಲ ಅಂತ ನಿಮಗೆ ಹೇಳಬೇಕಿಲ್ಲವಷ್ಟೆ!

ಒಂದು ಮಧ್ಯಾಹ್ನ ಅವರೆಕಾಳು ಆರಿಸುತ್ತಾ ಕೂತಾಗ ಲೆಕ್ಕ ಹಾಕಿದೆ. ಆ ಎರಡೂವರೆ ಗಂಟೆಯಲ್ಲಿ ನಾನು ಪೆಡಲು ತುಳಿದದ್ದು ಒಂದೇ ಗಂಟೆ. ಅಂದರೆ ತುಳಿಯುವಾಗಿನ ವೇಗ ಗಂಟೆಗೆ ಹತ್ತು ಕಿಲೋಮೀಟರು. ಮಿಕ್ಕ ಒಂದೂವರೆ ಗಂಟೆ ಎಲ್ಲಿ ಹೋಯಿತು? 1784ರಲ್ಲಿ ಟಿಪ್ಪು ಕಟ್ಟಿಸಿದ ದರಿಯಾ ದೌಲತ್ತಿನ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆಯಲ್ಲ, ಅದರ ಆನೆ ಕುದುರೆಗಳ ಮುಂದೆ ಹೋಯಿತು. ಹೈದರ್, ಟಿಪ್ಪು ಮಲಗಿರುವ ಗುಂಬಜಿನ ಕರಿಕಲ್ಲಿನ ಕಂಬಗಳ ನೆರಳಿನಲ್ಲಿ ಹೋಯಿತು. ನಮ್ಮೂರನ್ನು ಬಳಸಿ ಎರಡಾಗಿ ಹರಿದ ಕಾವೇರಿ ಮತ್ತೆ ಒಂದಾಗುವ ಸಂಗಮದ ಮೆಟ್ಟಿಲ ಮೇಲೆ ಹೋಯಿತು. ಊರಿನಲ್ಲೇ ಇದ್ದು ಎಷ್ಟು ವರ್ಷವಾಗಿತ್ತು ಇವನ್ನೆಲ್ಲ ನೋಡಿ!

ಸರಾಸರಿ ಎನ್ನುವುದೇ ಒಂದು ಮಾಯೆ. ಗಾಳಿಯ ಜೊತೆ ಗಂಟೆಗೆ 15 ಕಿಲೋಮೀಟರಿನಂತೆ ಹೋಗಿ, ಅದೇ ದಾರಿಯಲ್ಲಿ ಎದುರುಗಾಳಿಗೆ 10ರಂತೆ ಬಂದರೆ ಸರಾಸರಿ ಹನ್ನೆರಡೂವರೆಯಲ್ಲ, 12. ನಿಧಾನದ ದಾರಿಗೆ ಹೆಚ್ಚು ಹೊತ್ತು ಬೇಕಲ್ಲ! ಗಾಳಿ, ಏರು, ರಸ್ತೆಯ ಹಂಪು, ಅಡ್ಡ ಬಂದ ಎತ್ತಿನ ಗಾಡಿ ಎಲ್ಲಾ ಸೇರಿ ಆದ ಒಂದು ಅಂಕಿ ಅದು. ಅದನ್ನು ಹಿಡಿದು ಐವತ್ತರವಳನ್ನೂ ಇಪ್ಪತ್ತರವಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೆ?

ಮರುದಿನ ಬೆಳಿಗ್ಗೆ ಒಬ್ಬಳೇ ಹೊರಟೆ. ಹೊರಡುವ ಮುನ್ನ ಟೈರಿಗೆ ಗಾಳಿ ತುಂಬಿಸಿದೆ. ಗಾಳಿ ಕಡಿಮೆಯಾದರೆ ತುಳಿತ ಭಾರವಾಗುತ್ತೆ. ಪೆಡಲು ಕೆಳಗಿದ್ದಾಗ ಮಂಡಿ ಸ್ವಲ್ಪವೇ ಬಾಗುವಷ್ಟು ಸೀಟು ಏರಿಸಿದೆ. ಚೂಡಿದಾರದ ದುಪಟ್ಟಾ ಚಕ್ರಕ್ಕೆ ಸಿಗದಂತೆ ಸೊಂಟಕ್ಕೆ ಕಟ್ಟಿದೆ. ವೇಗಕ್ಕೆ ನಾನಿಟ್ಟುಕೊಂಡ ಅಳತೆ ಒಂದೇ: ತುಳಿಯುತ್ತಲೇ ಏದುಸಿರಿಲ್ಲದೆ ಮಾತಾಡಲು ಆಗಬೇಕು. ಮೊಬೈಲು ಚೀಲದಲ್ಲೇ ಇತ್ತು.

ನಿಮಿಷಾಂಬ ಗುಡಿಯ ಬಳಿ ಇಳಿದು ಕೈಮುಗಿದೆ. ನಿಮಿಷದಲ್ಲಿ ಇಷ್ಟಾರ್ಥ ಕೊಡುವ ತಾಯಿ ಎನ್ನುತ್ತಾರೆ. ಎಷ್ಟು ನಿಮಿಷದಲ್ಲಿ ಬಂದೆ ಅಂತ ಅವಳು ಕೇಳಲಿಲ್ಲ. ಹೊಳೆಯ ಗಾಳಿಗೆ ಮುಖವೊಡ್ಡಿ ಬಹಳ ಹೊತ್ತು ಕೂತಿದ್ದೆ.

ಸಂಜೆ ನಾದಿನಿಯ ಮಗಳು ಫೋನು ಮಾಡಿದಳು. ಗೋಡೆಯ ಚಿತ್ರದ ಆನೆಗಳ ವಿಷಯ ಹೇಳಿದೆ. "ಹೌದಾ ಅತ್ತೆ? ನಾನು ನೋಡ್ಲೇ ಇಲ್ಲ. ಮುಂದಿನ ಸಲ ನಿಮ್ಮ ಜೊತೆಗೇ ಬರ್ತೀನಿ" ಎಂದಳು.

"ಬಾಮ್ಮ, ಆದರೆ ನಿಧಾನವಾಗಿ ತುಳೀಬೇಕು" ಎಂದೆ.