ಕಿಟಕಿಗೆ ಸುಂಕ, ಚಹಾಕ್ಕೆ ಬೀಗ!

ಬೆಳಗ್ಗೆ ಎದ್ದ ಕೂಡಲೇ ನೀವು ಮಾಡುವ ಕೆಲಸಗಳು ಯಾವುವು, ಹೇಳಿ ನೋಡೋಣ. ಕಿಟಕಿ ತೆರೆಯುವುದು, ಒಲೆಯ ಮೇಲೆ ಕಾಫಿಗೋ ಚಹಾಕ್ಕೋ ನೀರಿಡುವುದು, ಅಲ್ಲವೇ? ಒಂದು ಕಾಲದಲ್ಲಿ ಈ ಬೆಳಕಿಗೂ ಸುಂಕ, ಆ ಚಹಾಕ್ಕೂ ಸುಂಕ ತೆತ್ತ ಗೃಹಿಣಿಯರ ನಾಡೊಂದನ್ನು ನಾನು ನೋಡಿ ಬಂದೆ. ಅದು ಬೇರೆ ಯಾವುದೂ ಅಲ್ಲ, ನಮ್ಮನ್ನು ಅಷ್ಟು ವರ್ಷ ಆಳಿದ ಇಂಗ್ಲಿಷರ ನಾಡೇ!

ಮಗಳ ಬಾಣಂತನಕ್ಕೆಂದು ಹೋದವಳು ನಾನು. ಅವಳಿರುವುದು ಬಾತ್ ಎಂಬ ಊರಿನಲ್ಲಿ. ಹೆಸರು ಕೇಳಿ ನಿಮಗೆ ಬಿಸಿಬೇಳೆ ಬಾತು, ವಾಂಗೀಬಾತು ನೆನಪಾಯಿತೇ? ನನಗೂ ಹಾಗೇ ಆಯಿತು! ಆದರೆ ಇದು ಉಣ್ಣುವ ಬಾತಲ್ಲ, ಸ್ನಾನದ ಬಾತು. ಇಲ್ಲಿ ನೆಲದೊಳಗಿಂದ ಬಿಸಿನೀರು ಉಕ್ಕುತ್ತದೆ. ಸುಮಾರು ಎರಡು ಸಾವಿರ ವರ್ಷದ ಹಿಂದೆಯೇ ರೋಮನ್ನರು ಅದಕ್ಕೆ ಕೊಳ ಕಟ್ಟಿ ಸ್ನಾನದ ಮನೆ ಮಾಡಿದ್ದರು. ಊರಿನ ತುಂಬ ಜೇನಿನ ಬಣ್ಣದ ಕಲ್ಲಿನ ಮನೆಗಳು. ರಾಯಲ್ ಕ್ರೆಸೆಂಟ್ ಎಂಬಲ್ಲಂತೂ 30 ಮನೆಗಳು ಅರ್ಧಚಂದ್ರಾಕಾರದಲ್ಲಿ ಕೈ ಕೈ ಹಿಡಿದು ನಿಂತ ಹಾಗಿವೆ. 1767ರಲ್ಲಿ ಶುರು ಮಾಡಿ 1774ರ ಹೊತ್ತಿಗೆ ಕಟ್ಟಿ ಮುಗಿಸಿದ್ದಂತೆ.

ಸಂಜೆ ಅಡ್ಡಾಡಲು ಹೋದಾಗ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಕೆಲವು ಹಳೇ ಮನೆಗಳ ಗೋಡೆಯಲ್ಲಿ ಕಿಟಕಿಯ ಆಕಾರವೇನೋ ಇದೆ, ಆದರೆ ಗಾಜಿರಬೇಕಾದಲ್ಲಿ ಕಲ್ಲು ಕಟ್ಟಿ ಮುಚ್ಚಿದ್ದಾರೆ.

"ಇದೇನೇ ಇದು, ಮನೆ ಮುಗಿಯೋ ಮೊದಲೇ ದುಡ್ಡು ಮುಗಿದು ಹೋಯ್ತಾ?" ಅಂದೆ.

ಮಗಳು ನಕ್ಕಳು. "ಮುಗಿದಿದ್ದಲ್ಲಮ್ಮ, ಉಳಿಸಿದ್ದು!"

ಆಮೇಲೆ ಅವಳು ಹೇಳಿದ ಕಥೆ ಕೇಳಿ. ಮೊದಲು ಅಲ್ಲಿ ಒಲೆಗಳ ಲೆಕ್ಕದ ಮೇಲೆ ತೆರಿಗೆ ಇತ್ತು. ಒಲೆ ಎಣಿಸಲು ಅಧಿಕಾರಿ ಮನೆಯೊಳಗೇ ನುಗ್ಗಬೇಕಲ್ಲ! ಅಡುಗೆಮನೆಗೆ ಯಾರೋ ಬಂದು ಇಣುಕಿದರೆ ಯಾವ ಹೆಂಗಸು ಸುಮ್ಮನಿದ್ದಾಳು? ಜನ ಗೊಣಗಿ ಗೊಣಗಿ 1689ರಲ್ಲಿ ಅದು ರದ್ದಾಯಿತು. 1696ರಲ್ಲಿ ಮೂರನೇ ವಿಲಿಯಂ ದೊರೆಯ ಕಾಲದಲ್ಲಿ ಕಿಟಕಿ ತೆರಿಗೆ ಬಂತು. ಕಿಟಕಿಯಾದರೆ ಬೀದಿಯಲ್ಲಿ ನಿಂತೇ ಎಣಿಸಬಹುದು ನೋಡಿ! ಪ್ರತಿ ಮನೆಗೆ ವರ್ಷಕ್ಕೆ 2 ಶಿಲಿಂಗ್. ಕಿಟಕಿ ಹತ್ತು ದಾಟಿದರೆ ಅದರ ಮೇಲೆ ಇನ್ನೂ 4 ಶಿಲಿಂಗ್, ಇಪ್ಪತ್ತು ದಾಟಿದರೆ ಇನ್ನೂ 8. ಮುಂದೆ ದರ ಏರುತ್ತಲೇ ಹೋಯಿತು. 1766ರಿಂದ ಏಳು ಕಿಟಕಿಯಿದ್ದವರೂ ಸಿಕ್ಕಿಬಿದ್ದರು.

ಜನ ಬಿಟ್ಟಾರೆಯೇ? ಇದ್ದ ಕಿಟಕಿಗಳಿಗೆ ಇಟ್ಟಿಗೆ, ಕಲ್ಲು ಇಟ್ಟು ಮುಚ್ಚಿದರು. (ಎಲ್ಲ ಕುರುಡು ಕಿಟಕಿಗಳೂ ಸುಂಕದವಲ್ಲ, ಕೆಲವು ಬರೀ ಅಂದಕ್ಕೆ ಮಾಡಿದ್ದು.) ಮುಂದೆ ಹಾಲು, ಗಿಣ್ಣು ಇಡುವ ಕೋಣೆಗಳ ಕಿಟಕಿಗೆ ವಿನಾಯಿತಿ ಸಿಕ್ಕಿತು. ಆದರೆ "ಇದು ಹಾಲಿನ ಕೋಣೆ" ಅಂತ ಬರೆದು ಹಾಕಬೇಕು. ನಮ್ಮಲ್ಲಿ ಹಾಗೆ ಮಾಡಿದ್ದರೆ ಊರಲ್ಲಿ ಒಂದೇ ಒಂದು ಮಲಗುವ ಕೋಣೆ ಉಳಿಯುತ್ತಿರಲಿಲ್ಲ ಅನ್ನಿ!

ಇನ್ನು ಚಹಾದ ಕಥೆ. ಅಲ್ಲಿನ ಹಳೇ ಮನೆಗಳ ಮ್ಯೂಸಿಯಂಗಳಲ್ಲಿ ನಮ್ಮ ಒಡವೆ ಪೆಟ್ಟಿಗೆಯಂಥ ಚೆಂದದ ಮರದ ಪೆಟ್ಟಿಗೆ ಇಟ್ಟಿರುತ್ತಾರೆ. ಬೀಗ ಬೇರೆ. ಒಳಗೆ ಚಿನ್ನವೂ ಇಲ್ಲ, ಬೆಳ್ಳಿಯೂ ಇಲ್ಲ, ಚಹಾದ ಎಲೆ! ಬೀಗದ ಕೈ ಯಜಮಾನಿಯ ಹತ್ತಿರ. ಆಗ ಚಹಾವೆಲ್ಲ ಚೀನಾದಿಂದ ಬರಬೇಕು, ಅದರ ಮೇಲೆ ಶೇಕಡಾ 119ರಷ್ಟು ಸುಂಕ. ಅಂದರೆ 100 ರೂಪಾಯಿಯ ಮಾಲಿಗೆ 119 ರೂಪಾಯಿ ಸುಂಕ! ಹೀಗಾದ ಮೇಲೆ ಕಳ್ಳಸಾಗಣೆ, ಕಲಬೆರಕೆ ಕೇಳಬೇಕೆ? ಆಶ್ ಎಂಬ ಮರದ ಎಲೆ ಒಣಗಿಸಿ, ಕುರಿಹಿಕ್ಕೆ ಹಾಕಿ ನೆನೆಸಿ ಚಹಾ ಅಂತ ಮಾರುತ್ತಿದ್ದರಂತೆ. ರಿಚರ್ಡ್ ಟ್ವೈನಿಂಗ್ ಎಂಬ ಚಹಾ ವ್ಯಾಪಾರಿಯೇ 1785ರಲ್ಲಿ ಇದನ್ನು ಬರೆದಿದ್ದಾನೆ. ಇಸ್ಸಿ! ಅದನ್ನು ಓದಿದ ದಿನ ನನಗೆ ಚಹಾ ಸೇರಲಿಲ್ಲ.

ಆಗ ಪ್ರಧಾನಿಯಾಗಿದ್ದವನು ವಿಲಿಯಂ ಪಿಟ್, ವಯಸ್ಸು 25. ಅವನು 1784ರಲ್ಲಿ ಚಹಾದ ಸುಂಕವನ್ನು ಒಮ್ಮೆಗೇ ಶೇಕಡಾ ಹನ್ನೆರಡೂವರೆಗೆ ಇಳಿಸಿಬಿಟ್ಟ. ಎಂಥ ಒಳ್ಳೆಯವನು ಅಂದಿರಾ? ತಾಳಿ. ಖಜಾನೆಗೆ ಬಿದ್ದ ಆ ತೂತನ್ನು ಮುಚ್ಚಲು ಏನು ಮಾಡಿದ ಗೊತ್ತೇ? ಕಿಟಕಿ ತೆರಿಗೆ ಏರಿಸಿದ! ಬಲಗೈಯಲ್ಲಿ ಚಹಾ ಕೊಟ್ಟು ಎಡಗೈಯಲ್ಲಿ ಬೆಳಕು ಕಿತ್ತುಕೊಂಡ ಹಾಗಾಯಿತು. ಅಗ್ಗದ ಚಹಾ ಏನೋ ಬಂತು, ಕುಡಿಯಲು ಕೂತರೆ ಮನೆಯಲ್ಲಿ ಕತ್ತಲೆ.

ಇಲ್ಲಿಯವರೆಗೆ ನಾನೂ ನಗುತ್ತಲೇ ಕೇಳುತ್ತಿದ್ದೆ. ಮುಂದಿನದು ನಗುವ ಮಾತಲ್ಲ. ಉಳ್ಳವರು ತೆರಿಗೆ ಕಟ್ಟಿ ಬೆಳಕಿನಲ್ಲಿ ಕೂತರು, ಕಿಟಕಿ ಹೆಚ್ಚಿದಷ್ಟೂ ಅವರಿಗೆ ಜಂಬ. ಬಡವರ ಪಾಡು? ಪಟ್ಟಣಗಳಲ್ಲಿ ಹತ್ತಾರು ಸಂಸಾರ ತುಂಬಿದ ವಠಾರವನ್ನೂ ಒಂದೇ ಮನೆ ಅಂತ ಎಣಿಸುತ್ತಿದ್ದರು. ತೆರಿಗೆ ಉಳಿಸಲು ಮಾಲೀಕ ಕಿಟಕಿ ಮುಚ್ಚಿಸುತ್ತಿದ್ದ. ಒಳಗೆ ಬೇಯಿಸುವವಳು, ಹೊಲಿಯುವವಳು, ಹೆತ್ತವಳು, ಎಲ್ಲರೂ ಗಾಳಿ ಬೆಳಕಿಲ್ಲದ ಕತ್ತಲಲ್ಲೇ. ಮೇಣದಬತ್ತಿ ಹಚ್ಚೋಣ ಅಂದರೆ 1709ರಿಂದ 1831ರವರೆಗೆ ಅದಕ್ಕೂ ತೆರಿಗೆ. ಪರವಾನಗಿ ಇಲ್ಲದೆ ಮನೆಯಲ್ಲಿ ಮಾಡುವ ಹಾಗೂ ಇಲ್ಲ! ಆದರೂ ಹೆಂಗಸರು ಒಂದು ದಾರಿ ಹುಡುಕಿಕೊಂಡರು. ಜೊಂಡಿನ ತಿರುಳನ್ನು ಅಡುಗೆಯಲ್ಲಿ ಉಳಿದ ಕೊಬ್ಬಿನಲ್ಲಿ ಅದ್ದಿ ಬತ್ತಿ ಮಾಡಿ ಉರಿಸಿದರು. ಅದಕ್ಕೆ ಸುಂಕವಿರಲಿಲ್ಲ. ಸಂಸಾರ ತೂಗಿಸುವ ಜಾಣತನ ಎಲ್ಲ ದೇಶದಲ್ಲೂ ಒಂದೇ ನೋಡಿ.

ವೈದ್ಯರೂ ಸುಧಾರಕರೂ ವರ್ಷಗಟ್ಟಲೆ ಕೂಗಿದ ಮೇಲೆ ಕಿಟಕಿ ತೆರಿಗೆ ಹೋದದ್ದು 1851ರಲ್ಲಿ. 155 ವರ್ಷ ಆಗಿತ್ತು!

ಚಹಾದ ಲೆಕ್ಕ ಮಾತ್ರ ನಿಲ್ಲಲಿಲ್ಲ. ಎರಡನೇ ಮಹಾಯುದ್ಧದಲ್ಲಿ, 1940ರಲ್ಲಿ, ತಲೆಗೆ ವಾರಕ್ಕೆ 2 ಔನ್ಸ್ ಚಹಾ ಅಂತ ರೇಷನ್ ಆಯಿತು. ಅದು ಮುಗಿದದ್ದು 1952ಕ್ಕೆ. 1990ರ ಜುಲೈ 4ರಂದು ವಿಶ್ವಕಪ್ ಫುಟ್‌ಬಾಲಿನಲ್ಲಿ ಇಂಗ್ಲೆಂಡ್ ಪಶ್ಚಿಮ ಜರ್ಮನಿಗೆ ಸೋತಿತು. ಟಿ.ವಿ. ಮುಂದೆ ಕೂತಿದ್ದ ಜನವೆಲ್ಲ ಒಟ್ಟಿಗೇ ಎದ್ದು ಕೆಟಲಿಗೆ ನೀರು ಹಾಕಿದರು. ಒಮ್ಮೆಗೇ 2,800 ಮೆಗಾವ್ಯಾಟ್ ವಿದ್ಯುತ್ತಿನ ಬೇಡಿಕೆ ಏರಿತಂತೆ! ನಮ್ಮ ಶರಾವತಿಯ ದೊಡ್ಡ ವಿದ್ಯುದಾಗಾರದ ಸಾಮರ್ಥ್ಯವೇ 1,035. ದುಃಖ ಬಂದಾಗ ಅಳುವ ಬದಲು ಚಹಾ ಕಾಸುವ ಜನ ಅವರು.

ಅಲ್ಲಿ ಬಿಸಿಲು ಬರುವುದೇ ಅಪರೂಪ. ಬಂದ ದಿನ ಮೊಮ್ಮಗಳಿಗೆ ಎಣ್ಣೆ ಹಚ್ಚಿ, ತೊಡೆಯ ಮೇಲೆ ಮಲಗಿಸಿಕೊಂಡು ಹಿತ್ತಲಲ್ಲಿ ಎಳೆಬಿಸಿಲಿಗೆ ಕೂರುತ್ತಿದ್ದೆ. ಬಿಸಿಲು ಕಾಣದೆ ಮೂಳೆ ಸೊಟ್ಟಗಾಗುವ ರಿಕೆಟ್ಸ್ ರೋಗ ಹಿಂದೆ ಆ ನಾಡಿನ ಹೊಗೆ ಕವಿದ ಪಟ್ಟಣಗಳ ಮಕ್ಕಳಲ್ಲಿ ಎಷ್ಟಿತ್ತೆಂದರೆ ಅದಕ್ಕೆ 'ಇಂಗ್ಲಿಷ್ ಕಾಯಿಲೆ' ಎಂದೇ ಹೆಸರು ಬಿದ್ದಿತ್ತು. ಆ ಮುಚ್ಚಿದ ಕಿಟಕಿಗಳ ಹಿಂದೆ ಕೂಸನ್ನು ಎತ್ತಿಕೊಂಡು ಕೂತಿದ್ದ ಯಾವಳೋ ಅಜ್ಜಿಯ ನೆನಪಾಗಿ ಹೊಟ್ಟೆಯಲ್ಲಿ ಕಲಸಿದಂತಾಗುತ್ತಿತ್ತು.

"ಅಮ್ಮಾ, ಟೀ ಆರಿಹೋಗ್ತಿದೆ" ಅಂತ ಮಗಳು ಒಳಗಿಂದ ಕೂಗುತ್ತಿದ್ದಳು.

ಆರಲಿ ಬಿಡಿ. ಟೀ ಮತ್ತೆ ಬಿಸಿ ಮಾಡಬಹುದು, ಬಿಸಿಲು ಹೋದರೆ ಅಲ್ಲಿ ಮತ್ತೆ ಯಾವಾಗಲೋ! ನಾಳೆ ಬೆಳಗ್ಗೆ ನೀವೂ ಚಹಾಕ್ಕೆ ನೀರಿಡುವ ಮೊದಲು ಮನೆಯ ಕಿಟಕಿಗಳನ್ನು ಒಮ್ಮೆ ಎಣಿಸಿ ನೋಡಿ. ಎಷ್ಟೇ ಇರಲಿ, ಎಲ್ಲವನ್ನೂ ತೆರೆದಿಡಿ.