ಮುನಿದ ಗಣಕಯಂತ್ರವೂ ಭಾನುವಾರದ ಪಾಠವೂ

ವಡೋದರಾದ ನಮ್ಮ ಮನೆಯಲ್ಲಿ ಪ್ರತಿ ಭಾನುವಾರ ಸಂಜೆ ಐದು ಗಂಟೆಗೆ ಒಂದು ಪುಟ್ಟ ಕನ್ನಡ ಶಾಲೆ ನಡೆಯುತ್ತದೆ. ಶಾಲೆಯೆಂದರೆ ಗೋಡೆಯೂ ಇಲ್ಲ, ಗಂಟೆಯೂ ಇಲ್ಲ. ಅಹಮದಾಬಾದಿನ ಮೂವರು, ಸೂರತ್ತಿನ ಇಬ್ಬರು, ನಮ್ಮೂರಿನ ನಾಲ್ವರು ಮಕ್ಕಳು ತಂತಮ್ಮ ಮನೆಗಳಲ್ಲಿಯೇ ಕುಳಿತು ಗಣಕಯಂತ್ರದ ಪರದೆಯಲ್ಲಿ ಕೂಡುತ್ತಾರೆ. ನಾವು ಅಕ್ಷರ ತಿದ್ದಿಸುತ್ತೇವೆ. ವಾರದಲ್ಲಿ ಕನ್ನಡ ಓದಲು ಇವರಿಗೆ ಸಿಗುವುದು ಆ ಒಂದು ತಾಸೇ.

ನಮ್ಮ ಯಂತ್ರವಾದರೋ ಬಹಳ ಹಳೆಯದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಾಗ, ವಿಂಡೋಸ್ 11ನ್ನು ಹೊರುವ ತ್ರಾಣ ಅದಕ್ಕಿರಲಿಲ್ಲ. ಎಸೆಯಲು ಮನಸ್ಸು ಬಾರದೆ ಲಿನಕ್ಸ್ ಹಾಕಿಸಿದೆವು. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಈ ಏರ್ಪಾಡು ಹಣ ಕೊಡದೆ ದೊರೆಯುತ್ತದೆ. ಮುದಿ ಯಂತ್ರದಲ್ಲಿಯೂ ಲವಲವಿಕೆಯಿಂದ ಓಡುತ್ತದೆ.

ಕಳೆದ ತಿಂಗಳ ಒಂದು ಭಾನುವಾರ, ಅಹಮದಾಬಾದಿನ ಹುಡುಗನೊಬ್ಬನು ತಾನೇ ಬರೆದ ಕಾಗದವನ್ನು ಹಾವೇರಿಯ ಅಜ್ಜಿಗೆ ಓದಿ ಹೇಳುವುದಿತ್ತು. ಮರುದಿನ ಆಕೆಗೆ ಕಣ್ಣಿನ ಶಸ್ತ್ರಚಿಕಿತ್ಸೆ. ಅಜ್ಜಿಗೆ ಕನ್ನಡವಲ್ಲದೆ ಬೇರೆ ಬಾರದು. ಮೊಮ್ಮಗನಿಗೆ ಕನ್ನಡದಲ್ಲಿ ನಾಲ್ಕು ಮಾತು ಕೂಡಿಸುವುದೂ ಅದೇ ಮೊದಲು. ಅಂದೇ ಮಧ್ಯಾಹ್ನ ಯಂತ್ರವು ಅಪ್‌ಡೇಟಿಗೆ ಅಪ್ಪಣೆ ಕೇಳಿತು. ಶುಭಸ್ಯ ಶೀಘ್ರಮ್ ಎಂದು ಕೊಟ್ಟೆವು. ಮರಳಿ ಚಾಲೂ ಮಾಡಿದರೆ ವೈ-ಫೈ ಗುರುತೇ ಮಾಯ! ಆಗ ಗಂಟೆ ನಾಲ್ಕೂವರೆ.

"ನೆಟ್ಟಗಿದ್ದುದನ್ನು ಕೆದಕೆಂದು ಯಾರು ಹೇಳಿದ್ದರು ನಿಮಗೆ?" ಎಂದಳು ನಮ್ಮಾಕೆ. ಪಕ್ಕದ ಮನೆಯ ಬೆನ್ ತಮ್ಮ ವೈ-ಫೈ ಬಳಸಿಕೊಳ್ಳಿರೆಂದು ಗುಜರಾತಿಯಲ್ಲಿ ಉದಾರವಾಗಿ ಹೇಳಿದರು. ಕೊಡವೇ ಒಡೆದಿರುವಾಗ ಯಾರ ಬಾವಿಯಾದರೇನು? ಮೊಬೈಲಿನಲ್ಲಿ ನಡೆಸೋಣವೆಂದರೆ ತಿದ್ದಿದ ಕಾಗದ, ಪಾಠದ ಹಾಳೆ ಎಲ್ಲವೂ ಗಣಕದೊಳಗೇ ಉಳಿದಿದ್ದವು.

ಸೂರತ್ತಿನ ಗೆಳೆಯರಿಗೆ ಫೋನು ಮಾಡಿದೆವು. "ಗಾಬರಿ ಬೇಡಿ ರಾಯರೇ, ಮೊದಲು ರೋಗ ಎಲ್ಲಿದೆ ನೋಡೋಣ" ಎಂದರು. ಮೊಬೈಲಿಗೆ ಅದೇ ವೈ-ಫೈ ಸಿಗುತ್ತಿತ್ತು. ಆದುದರಿಂದ ರೂಟರ್ ನಿರಪರಾಧಿ. ಟರ್ಮಿನಲ್ ತೆರೆದು 'ಪಿಂಗ್ 8.8.8.8' ಎಂದು ಬರೆದೆವು. ಇದಕ್ಕೆ ಉತ್ತರ ಬಂದೂ ಜಾಲತಾಣಗಳು ತೆರೆಯದಿದ್ದರೆ, ಹೆಸರಿನಿಂದ ವಿಳಾಸ ಹುಡುಕುವ ಡಿಎನ್‌ಎಸ್ ಮೇಲೆ ಸಂಶಯಪಡಬೇಕಂತೆ. ನಮಗೆ ಉತ್ತರವೇ ಬರಲಿಲ್ಲ. 'ಐಪಿ ಲಿಂಕ್' ಎಂದು ಕೇಳಿದಾಗ ಬಂದ ಪಟ್ಟಿಯಲ್ಲಿ ವೈ-ಫೈ ಹೆಸರೇ ಇರಲಿಲ್ಲ.

"ತಿಳಿಯಿತು. ಲಿನಕ್ಸಿನ ತಿರುಳಿಗೆ ಕರ್ನೆಲ್ ಎನ್ನುತ್ತಾರೆ. ಈಗ ಹೊಸ ಕರ್ನೆಲ್ ಬಂದಿದೆ. ನಿಮ್ಮ ವೈ-ಫೈ ಡ್ರೈವರನ್ನು ಹಳೆಯದಕ್ಕೆಂದು ಬೇರೆಯಾಗಿ ಕಟ್ಟಿತ್ತು; ಹೊಸದರೊಡನೆ ಅದು ಕೂಡಿಕೊಂಡಿಲ್ಲ. ಆದರೆ ಹಳೆಯ ಕರ್ನೆಲ್ ಒಳಗೇ ಇದೆ, ಅದನ್ನು ಕರೆಯೋಣ" ಎಂದರು.

ಯಂತ್ರವನ್ನು ಮತ್ತೆ ಚಾಲೂ ಮಾಡಿ, ಆರಂಭದ ಪಟ್ಟಿಯಲ್ಲಿ 'ಅಡ್ವಾನ್ಸ್‌ಡ್ ಆಪ್ಷನ್ಸ್' ಹೊಕ್ಕು, ಹಿಂದಿನ ಕರ್ನೆಲನ್ನು ಆರಿಸಿದೆವು. ವೈ-ಫೈ ಗುರುತು ಮೂಡಿತು! ಐದಕ್ಕೆ ಇನ್ನೂ ಎರಡು ನಿಮಿಷವಿತ್ತು.

ಹುಡುಗ ಒತ್ತಕ್ಷರಗಳಲ್ಲಿ ತಡವರಿಸುತ್ತ ಕಾಗದ ಓದಿ ಮುಗಿಸಿದ. ಅಜ್ಜಿ ಕ್ಷಣಕಾಲ ಸುಮ್ಮನಿದ್ದು, "ಇನ್ನೊಮ್ಮೆ ಓದೋ ನನ್ನಪ್ಪಾ" ಎಂದರು. ಎರಡನೆಯ ಸಲ ಅವನು ಅಷ್ಟು ತಡವರಿಸಲಿಲ್ಲ.

ರಾತ್ರಿ ಹೊಸ ಕರ್ನೆಲಿನ 'ಹೆಡರ್ಸ್' ಕಡತಗಳನ್ನು ಇಳಿಸಿಕೊಂಡು, ಡಿಕೆಎಂಎಸ್ ಎಂಬ ಸಲಕರಣೆಯಿಂದ ಅದಕ್ಕೂ ಡ್ರೈವರ್ ಕಟ್ಟಿದೆವು. ಈಗ ಎರಡೂ ಸರಿಯಾಗಿವೆ. ಪಾಠದ ದಿನ ಅಪ್‌ಡೇಟ್ ಕೂಡದೆಂಬ ನಿಯಮವನ್ನು ನಮ್ಮಾಕೆ ಜಾರಿಗೆ ತಂದಿದ್ದಾಳೆ. ಹೊಸದು ನೆಲೆಯೂರುವ ತನಕ ಹಳೆಯ ಕರ್ನೆಲನ್ನು ಅಳಿಸಬಾರದೆಂಬುದು ಗೆಳೆಯರ ಬುದ್ಧಿವಾದ.

ವಾಚಕರೇ, ಪರನಾಡಿನಲ್ಲಿ ನೆಲಸಿದ ನಮಗೆ ಈ ಮಾತು ಗಣಕಯಂತ್ರಕ್ಕಷ್ಟೇ ಸಲ್ಲುವುದಲ್ಲ. ಅನ್ನ ಕೊಡುವ ನೆಲದ ಗುಜರಾತಿಯನ್ನು ಮಕ್ಕಳು ಚೆನ್ನಾಗಿಯೇ ಕಲಿಯಲಿ. ಅದಕ್ಕಾಗಿ ಹಳೆಯದನ್ನು ಅಳಿಸಬೇಕಾಗಿಲ್ಲ. ಅಜ್ಜಿಯ ಕಡೆಗಿನ ದಾರಿ ಅದರಲ್ಲಿಯೇ ಇದೆ.